ಐದರ ಜಾಗದಲ್ಲಿ ಎಂಟು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ. ಸತ್ಯವಿಶ್ವಾಸಿಗಳೇ, ಮೊದಲಿಗೆ ನಮಗೂ ನಿಮಗೂ ತಕ್ವಾದ ಉಪದೇಶವನ್ನು ಮಾಡುತ್ತೇವೆ. ಯಾರೂ ನೋಡದ ಜಾಗದಲ್ಲಿ ಅಲ್ಲಾಹನು ನೋಡುತ್ತಿದ್ದಾನೆ ಎಂಬ ಎಚ್ಚರವೇ ತಕ್ವಾ. ಇಂದು ನಾವು ಮಾತನಾಡಲಿರುವುದು ಅಂಥದ್ದೇ ಒಂದು ಜಾಗದ ಬಗ್ಗೆ.

ಕಳೆದ ತಿಂಗಳು ಇಶಾ ನಮಾಝಿನ ಬಳಿಕ ನಮ್ಮ ಮಹಲ್ಲಿನ ಒಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಹುಡುಗ ಸಿಬಿಎಸ್‌ಇ ಶಾಲೆಯಲ್ಲಿ 12ನೇ ತರಗತಿ. ಅವನ ಸೋದರಮಾವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕೆಂಬುದು ಹುಡುಗನ ಆಸೆ. ಮಾವ ಖರ್ಚಿನಲ್ಲಿ ಸಹಾಯ ಮಾಡುವುದಾಗಿ ಹೇಳಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ವಿದ್ಯೆಗಾಗಿ ದೂರ ಪ್ರಯಾಣ ಮಾಡುವುದು ನಮ್ಮ ಪೂರ್ವಿಕರ ದಾರಿ.

ಸಮಸ್ಯೆ ಬೇರೆ ಇತ್ತು. ಹುಡುಗನ 9 ಮತ್ತು 10ನೇ ತರಗತಿಯ ಅಂಕಗಳು 90ರ ಮೇಲಿವೆ. ಆದರೆ 11ನೇ ತರಗತಿಯಲ್ಲಿ ಗಣಿತಕ್ಕೆ 51, ರಸಾಯನಶಾಸ್ತ್ರಕ್ಕೆ 57. ಆ ವರ್ಷ ತಂದೆಗೆ ಹೃದಯದ ಆಪರೇಷನ್ ಆಗಿತ್ತು. ಮನೆಯಲ್ಲಿ ದೊಡ್ಡ ಗಂಡುಮಗ ಇವನೊಬ್ಬನೇ. ಪರೀಕ್ಷೆಯ ಹಿಂದಿನ ರಾತ್ರಿಗಳನ್ನು ಆಸ್ಪತ್ರೆಯ ವರಾಂಡದಲ್ಲಿ ಕಳೆದಿದ್ದಾನೆ. ಈಗ ಅರ್ಜಿ ತುಂಬಿಸಲು ಹೋದಾಗ, ಸಹಾಯ ಮಾಡುತ್ತಿದ್ದ ಏಜೆಂಟ್ ಒಂದು ಉಪಾಯ ಹೇಳಿದ್ದಾನೆ. "ಅಲ್ಲಿ ಮಾರ್ಕ್ಸ್ ಕಾರ್ಡ್ ಕೇಳುವುದೇ ಇಲ್ಲ, ನೀನೇ ಟೈಪ್ ಮಾಡುವುದು. ಐದರ ಜಾಗದಲ್ಲಿ ಎಂಟು ಒತ್ತಿದರೆ ಆಯಿತು. 51 ಇದ್ದದ್ದು 81, 57 ಇದ್ದದ್ದು 87. 11ನೇ ತರಗತಿಯದ್ದು ಬೋರ್ಡ್ ಪರೀಕ್ಷೆಯೂ ಅಲ್ಲ, ಯಾರು ನೋಡುತ್ತಾರೆ?"

ತಂದೆ ತಲೆ ತಗ್ಗಿಸಿ ಹೇಳಿದರು: "ಉಸ್ತಾದರೇ, ಅವನ ಮಾರ್ಕ್ ಹೋದದ್ದು ನನ್ನಿಂದ. ಅವನದ್ದಲ್ಲದ ತಪ್ಪಿಗೆ ಅವನ ದಾರಿ ಮುಚ್ಚಬೇಕಾ?"

ಸಹೋದರರೇ, ಈ ಪ್ರಶ್ನೆಗೆ ಉತ್ತರಿಸುವುದು ನಮಗೆ ಸುಲಭವಾಗಿರಲಿಲ್ಲ. ಸುಳ್ಳು ಹರಾಮ್ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಎದುರಿಗಿದ್ದವರು ಕಳ್ಳರಲ್ಲ. ಕಷ್ಟದಲ್ಲಿ ತಂದೆಯ ಸೇವೆ ಮಾಡಿದ ಮಗ ಮತ್ತು ಮಗನ ಋಣ ತೀರಿಸಲು ಒದ್ದಾಡುತ್ತಿರುವ ತಂದೆ. ಸೈತಾನನು ಹೆಚ್ಚಾಗಿ ಇಂಥ ಪ್ರೀತಿಯ ಬಾಗಿಲಿನಿಂದಲೇ ಒಳಗೆ ಬರುತ್ತಾನೆ. ಆದ್ದರಿಂದ ನಾವು ಮೊದಲು ಆ ಅರ್ಜಿ ಏನು, ಅದು ಹೇಗೆ ನಡೆಯುತ್ತದೆ ಎಂದು ಹುಡುಗನಿಂದಲೇ ಓದಿಸಿ ತಿಳಿದುಕೊಂಡೆವು. ನಮ್ಮ ಮಹಲ್ಲಿನ ಮಕ್ಕಳು, ಗಲ್ಫಿನಲ್ಲಿರುವ ನಮ್ಮವರ ಮಕ್ಕಳು ಈಗ ಇಂಥ ಅರ್ಜಿಗಳನ್ನು ಹಾಕುತ್ತಿರುವುದರಿಂದ ನೀವೂ ತಿಳಿದಿರುವುದು ಒಳ್ಳೆಯದು.

ಅಮೆರಿಕದಲ್ಲಿ ಹೈಸ್ಕೂಲು ಎಂದರೆ ಸಾಮಾನ್ಯವಾಗಿ 9ರಿಂದ 12ನೇ ತರಗತಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೈಸ್ಕೂಲಿನ ಕೊನೆಯ ಎರಡು ವರ್ಷ ಮತ್ತು ಪಿಯುಸಿಯ ಎರಡು ವರ್ಷ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಪದವಿ ತರಗತಿಗಳಿರುವ ಒಂಬತ್ತು ಕ್ಯಾಂಪಸ್‌ಗಳಿವೆ. ಒಂಬತ್ತಕ್ಕೂ ಒಂದೇ ಅರ್ಜಿ. ಈಚಿನ ವರ್ಷಗಳಲ್ಲಿ ಸುಮಾರು ಎರಡು ಲಕ್ಷ ಮಕ್ಕಳು ಮೊದಲ ವರ್ಷದ ಪದವಿಗೆ ಅಲ್ಲಿ ಅರ್ಜಿ ಹಾಕುತ್ತಿದ್ದಾರೆ. ಅಷ್ಟೂ ಮಂದಿಯ ಅಂಕಪಟ್ಟಿಯನ್ನು ಮೊದಲೇ ತರಿಸಿಕೊಳ್ಳುವ ಬದಲು, ವಿದ್ಯಾರ್ಥಿಯೇ ತನ್ನ ವಿಷಯಗಳನ್ನೂ ಅಂಕಗಳನ್ನೂ ಒಂದೊಂದಾಗಿ ತುಂಬಿಸಬೇಕು ಎಂಬುದು ಅಲ್ಲಿಯ ಕ್ರಮ. ಪೆನ್ ಸ್ಟೇಟ್, ರಟ್ಗರ್ಸ್, ಫ್ಲೋರಿಡಾದಂಥ ಇತರ ವಿಶ್ವವಿದ್ಯಾಲಯಗಳಲ್ಲೂ ವಿದ್ಯಾರ್ಥಿಗಳೇ ಅಂಕ ಬರೆಯುವ ಪದ್ಧತಿ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2021ರಿಂದ ಎಸ್‌ಎಟಿಯಂಥ ಪರೀಕ್ಷೆಯ ಅಂಕವನ್ನು ಪ್ರವೇಶದ ತೀರ್ಮಾನಕ್ಕೆ ನೋಡುವುದಿಲ್ಲ. ಹಾಗಾಗಿ ಶಾಲೆಯ ಅಂಕಗಳ ತೂಕ ಇನ್ನೂ ಹೆಚ್ಚಾಗಿದೆ.

ಇದರಲ್ಲಿ ಒಂದು ಒಳ್ಳೆಯತನವೂ ಇದೆ. ಶಾಲೆಯಿಂದ ಅಧಿಕೃತ ಪ್ರತಿ ಮಾಡಿಸಿ, ಹತ್ತು ಕಡೆಗೆ ಕಳಿಸಲು ಹಣ ಬೇಕು. ಆ ಹಣವಿಲ್ಲದ ಬಡವರ ಮಕ್ಕಳಿಗೆ ಇದು ಅನುಕೂಲ. ವಿಶ್ವವಿದ್ಯಾಲಯವು "ನಿನ್ನ ಮಾತನ್ನು ಈಗ ನಂಬುತ್ತೇವೆ" ಎನ್ನುತ್ತಿದೆ. ಅರ್ಜಿಯ ಕೊನೆಯಲ್ಲಿ, ಬರೆದದ್ದೆಲ್ಲ ನಿಜ ಎಂದು ವಿದ್ಯಾರ್ಥಿ ತನ್ನ ಹೆಸರಿನಲ್ಲಿ ದೃಢೀಕರಿಸಬೇಕು. ನಂಬಿ ಒಪ್ಪಿಸಿದ್ದಕ್ಕೆ ನಮ್ಮ ದೀನಿನಲ್ಲಿ ಒಂದು ಹೆಸರಿದೆ. ಅದು ಅಮಾನತ್. ನಿಜವೆಂದು ದೃಢೀಕರಿಸುವುದಕ್ಕೂ ಹೆಸರಿದೆ. ಅದು ಸಾಕ್ಷ್ಯ. ಅಂದರೆ ಆ ಹುಡುಗ ತುಂಬಿಸುತ್ತಿರುವುದು ಬರೀ ಒಂದು ಫಾರ್ಮ್ ಅಲ್ಲ. ಅವನು ಅಮಾನತ್ತನ್ನು ಹಿಡಿದುಕೊಂಡು ಸಾಕ್ಷಿ ನುಡಿಯುತ್ತಿದ್ದಾನೆ, ಅದೂ ತನ್ನ ಬಗ್ಗೆಯೇ.

ಪವಿತ್ರ ಕುರ್‌ಆನಿನ ನಾಲ್ಕನೆಯ ಅಧ್ಯಾಯ ಅನ್ನಿಸಾಅ್‌ನಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ನ್ಯಾಯದ ಮೇಲೆ ಗಟ್ಟಿಯಾಗಿ ನಿಲ್ಲಲು ಆಜ್ಞಾಪಿಸಿದ್ದಾನೆ. ಸಾಕ್ಷ್ಯವು ನಮಗೆ ವಿರುದ್ಧವಾಗಿದ್ದರೂ, ತಂದೆತಾಯಿಗೆ ವಿರುದ್ಧವಾಗಿದ್ದರೂ, ಹತ್ತಿರದ ನೆಂಟರಿಗೆ ವಿರುದ್ಧವಾಗಿದ್ದರೂ ಸತ್ಯವನ್ನೇ ಹೇಳಬೇಕು ಎಂಬುದು ಅದರ ಆಶಯ. ಇನ್ನೊಬ್ಬರ ವಿರುದ್ಧ ಸತ್ಯ ಹೇಳುವುದಕ್ಕೆ ನಮ್ಮಲ್ಲಿ ಧೈರ್ಯಕ್ಕೆ ಬರವಿಲ್ಲ. ಪಕ್ಕದ ಮನೆಯ ಹುಡುಗ ಎಷ್ಟರಲ್ಲಿ ಫೇಲಾದ ಎಂದು ನಮಗೆ ಬಾಯಿಪಾಠ. ತನ್ನ ವಿರುದ್ಧ ಸತ್ಯ ಹೇಳುವುದು, ತನ್ನ ಕೈಯಿಂದಲೇ 51 ಎಂದು ಟೈಪ್ ಮಾಡುವುದು, ಅದು ಪರೀಕ್ಷೆ.

ಈಗ ಏಜೆಂಟ್ ಹೇಳಿದ ಮಾತಿಗೆ ಬರೋಣ. ಯಾರು ನೋಡುತ್ತಾರೆ? ನೋಡುತ್ತಾರೆ, ಸಹೋದರರೇ. ಅಲ್ಲಿ ಕೊಡುವ ಪ್ರವೇಶ ತಾತ್ಕಾಲಿಕ. ಆಯ್ಕೆಯಾದವರ ಅಂಕಪಟ್ಟಿ ಸಾಮಾನ್ಯವಾಗಿ ಜುಲೈ 1ರೊಳಗೆ ಶಾಲೆಯಿಂದ ಅಧಿಕೃತವಾಗಿ ಹೋಗಬೇಕು. ಅಲ್ಲಿ ಬರೆದದ್ದನ್ನೂ ಬಂದದ್ದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹೊಂದದಿದ್ದರೆ ಪ್ರವೇಶ ರದ್ದಾಗಬಹುದು. ಬೇರೆ ದೇಶದವರಿಗೆ ಪ್ರವೇಶದ ಆಧಾರದ ಮೇಲೆಯೇ ಐ-20 ಎಂಬ ಪತ್ರ, ಆ ಪತ್ರದ ಆಧಾರದ ಮೇಲೆಯೇ ವಿದ್ಯಾರ್ಥಿ ವೀಸಾ. ತಳದ ಕಲ್ಲು ಜಾರಿದರೆ ಮೇಲಿನದ್ದೆಲ್ಲ ಬೀಳುತ್ತದೆ. ಜುಲೈಯಲ್ಲಿ ಬಿದ್ದರೆ ಆ ಹೊತ್ತಿಗೆ ಬೇರೆ ಎಷ್ಟೋ ಕಾಲೇಜುಗಳ ಬಾಗಿಲೂ ಮುಚ್ಚಿರುತ್ತದೆ.

11ನೇ ತರಗತಿಗೆ ಬೋರ್ಡ್ ಪರೀಕ್ಷೆ ಇಲ್ಲ, ಶಾಲೆಯವರೇ ಪರೀಕ್ಷೆ ಮಾಡಿ ಅಂಕ ಕೊಡುತ್ತಾರೆ ಎಂಬುದು ನಿಜ. ಹಾಗಾಗಿ ಕೆಲವರು ಎರಡನೆಯ ಉಪಾಯ ಹುಡುಕುತ್ತಾರೆ. ಶಾಲೆಯ ಆಫೀಸಿಗೆ ಹೋಗಿ "ಅರ್ಜಿಯಲ್ಲಿ ಬರೆದಾಗಿದೆ, ಅದಕ್ಕೆ ಸರಿಯಾಗಿ ಒಂದು ಪಟ್ಟಿ ಮಾಡಿಕೊಡಿ" ಎಂದು ಬೇಡುತ್ತಾರೆ. ನೋಡಿ, ಮೊದಲ ಸುಳ್ಳು ಒಬ್ಬನದ್ದಾಗಿತ್ತು. ಈಗ ಅದಕ್ಕೆ ಶಾಲೆಯ ಗುಮಾಸ್ತ ಬೇಕು, ಪ್ರಿನ್ಸಿಪಾಲರ ಸಹಿ ಬೇಕು, ಮೊಹರು ಬೇಕು. ಒಂದು ಸುಳ್ಳು ತನಗೆ ಕಾವಲು ನಿಲ್ಲಲು ಇನ್ನೂ ಮೂವರನ್ನು ಪಾಪಕ್ಕೆ ಎಳೆಯುತ್ತದೆ.

ಆದರೆ ನಾವು ಸಿಕ್ಕಿಬೀಳುವ ಭಯದ ಮೇಲೆ ಮಾತ್ರ ಈ ಮಾತನ್ನು ನಿಲ್ಲಿಸುವುದಿಲ್ಲ. ಸಿಕ್ಕಿಬೀಳದವರೂ ಇರಬಹುದು. ಅವರ ಸುಳ್ಳು ಹಲಾಲ್ ಆಗುತ್ತದೆಯೇ? ಅಂಥವನು ಪಡೆದ ಸೀಟು ಇನ್ನೊಬ್ಬ ಹುಡುಗನದ್ದೋ ಹುಡುಗಿಯದ್ದೋ ಆಗಿರಬಹುದು. ತನ್ನ 60ನ್ನು 60 ಎಂದೇ ಬರೆದ, ನಾವು ಎಂದೂ ಮುಖ ನೋಡದ ಒಬ್ಬ ವಿದ್ಯಾರ್ಥಿಯ ಹಕ್ಕು ಅದು. ಅಲ್ಲಾಹನ ಹಕ್ಕಿಗೆ ತೌಬಾ ಇದೆ. ಮನುಷ್ಯನ ಹಕ್ಕನ್ನು ಅವನಿಗೆ ಮರಳಿಸಬೇಕು. ಹೆಸರೂ ಗೊತ್ತಿಲ್ಲದವನಿಗೆ ಯಾವ ವಿಳಾಸಕ್ಕೆ ಮರಳಿಸುವುದು?

ಇಲ್ಲಿ ಕಅಬ್ ಬಿನ್ ಮಾಲಿಕ್(ರ)ರನ್ನು ನೆನಪಿಸಿಕೊಳ್ಳಬೇಕು. ಹಿಜರಿ 9ನೇ ವರ್ಷ. ತಬೂಕ್ ಪ್ರಯಾಣ. ಕಡು ಬೇಸಿಗೆ, ದೂರದ ದಾರಿ, ಮದೀನಾದಲ್ಲಿ ಹಣ್ಣುಗಳು ಮಾಗಿದ ಕಾಲ. ಕಅಬ್(ರ) ಹೋಗಲು ಶಕ್ತರಾಗಿದ್ದರು. ಸವಾರಿಯೂ ಇತ್ತು. ಇಂದು ಹೊರಡುವೆ, ನಾಳೆ ಹೊರಡುವೆ ಎಂದು ಮುಂದೂಡುತ್ತಾ ಉಳಿದುಬಿಟ್ಟರು. ಪ್ರವಾದಿ(ಸ) ಮರಳಿ ಬಂದಾಗ, ಹೋಗದೆ ಉಳಿದಿದ್ದ ಎಂಬತ್ತಕ್ಕೂ ಹೆಚ್ಚು ಮಂದಿ ಬಂದು ಒಬ್ಬೊಬ್ಬರಾಗಿ ನೆಪ ಹೇಳಿದರು, ಆಣೆ ಹಾಕಿದರು. ಪ್ರವಾದಿ(ಸ) ಅವರ ಹೊರಗಿನ ಮಾತನ್ನು ಒಪ್ಪಿಕೊಂಡು, ಒಳಗಿನದ್ದನ್ನು ಅಲ್ಲಾಹನಿಗೆ ಬಿಟ್ಟರು.

ಕಅಬ್(ರ) ಕವಿ. ಮಾತಿನಲ್ಲಿ ನಿಪುಣರು. ಅವರು ಮನಸ್ಸು ಮಾಡಿದ್ದರೆ ಎಲ್ಲರಿಗಿಂತ ಸುಂದರವಾದ ನೆಪ ಹೇಳಬಹುದಿತ್ತು. ಆದರೆ ಇಂದು ಸುಳ್ಳು ಹೇಳಿ ಪ್ರವಾದಿಯವರನ್ನು ಒಪ್ಪಿಸಿದರೂ ನಾಳೆ ಅಲ್ಲಾಹನು ಅದನ್ನು ಬಯಲು ಮಾಡುವನು ಎಂದು ಅವರಿಗೆ ಗೊತ್ತಿತ್ತು. ತನಗೆ ಯಾವ ನೆಪವೂ ಇರಲಿಲ್ಲ ಎಂದು ಒಪ್ಪಿಕೊಂಡರು. ಪರಿಣಾಮ ಏನಾಯಿತು? ಐವತ್ತು ದಿನ ಅವರೊಂದಿಗೂ, ಅವರಂತೆಯೇ ಸತ್ಯ ಹೇಳಿದ ಇನ್ನಿಬ್ಬರೊಂದಿಗೂ ಊರಿನವರು ಮಾತು ಬಿಟ್ಟರು. ಸಲಾಮಿಗೆ ಉತ್ತರವಿಲ್ಲ. ನೆಪ ಹೇಳಿದವರು ಆ ಐವತ್ತು ದಿನ ಆರಾಮಾಗಿ ಓಡಾಡಿಕೊಂಡಿದ್ದರು. ಐವತ್ತು ದಿನ ಮುಗಿದ ಮೇಲೆ ಕ್ಷಮೆಯ ಸುವಾರ್ತೆ ಆಕಾಶದಿಂದ ಬಂತು. ಆ ಮೂವರ ತೌಬಾ ಸ್ವೀಕಾರವಾದ ಸಂಗತಿ ಅತ್ತೌಬಾ ಅಧ್ಯಾಯದಲ್ಲಿ ಇಂದಿಗೂ ಓದಲ್ಪಡುತ್ತಿದೆ.

ಸಹೋದರರೇ, ಈ ಘಟನೆಯಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಸತ್ಯ ಹೇಳಿದ ಕೂಡಲೇ ಕಅಬ್(ರ)ರಿಗೆ ಬಹುಮಾನ ಸಿಗಲಿಲ್ಲ. ಮೊದಲು ಸಿಕ್ಕಿದ್ದು ಕಷ್ಟ. "ಸತ್ಯ ಬರೆ, ಸೀಟು ಸಿಕ್ಕೇ ಸಿಗುತ್ತದೆ" ಎಂದು ನಾವು ಆ ಹುಡುಗನಿಗೆ ಮಾತು ಕೊಡಲಿಲ್ಲ, ನಿಮಗೂ ಕೊಡುವುದಿಲ್ಲ. ಸಿಗದೇ ಇರಬಹುದು. ಆದರೆ ಸಿಗದ ಸೀಟಿನ ನೋವಿಗೆ ಒಂದು ಕೊನೆ ಇದೆ. ಸುಳ್ಳಿನಿಂದ ಸಿಕ್ಕ ಸೀಟಿನ ಭಯಕ್ಕೆ ಕೊನೆ ಇಲ್ಲ.

ಇದನ್ನು ನಾವು ಕಿತಾಬಿನಲ್ಲಿ ಓದಿ ಮಾತ್ರ ಹೇಳುತ್ತಿಲ್ಲ. ಮದ್ರಸ ಮುಗಿಸಿದ ಮೇಲೆ ನಾವು ಖಾಸಗಿಯಾಗಿ ಬಿಎ ಕಟ್ಟಿದೆವು. ಇಂಗ್ಲಿಷಿನಲ್ಲಿ ಮೊದಲ ಸಲ ಫೇಲಾಗಿ ಎರಡನೆಯ ಸಲ ಪಾಸಾದೆವು. ಬಳಿಕ ಒಂದು ಶಾಲೆಯಲ್ಲಿ ಅರಬಿ ಅಧ್ಯಾಪಕರ ಕೆಲಸಕ್ಕೆ ಅರ್ಜಿ ಹಾಕಿದಾಗ, ಎಷ್ಟನೆಯ ಪ್ರಯತ್ನದಲ್ಲಿ ಪಾಸು ಎಂಬ ಕಾಲಂ ಇತ್ತು. ಅಲ್ಲಿ ನಾವು 1 ಎಂದು ಬರೆದೆವು. ಕೆಲಸ ಸಿಕ್ಕಿತು. ಎರಡು ವರ್ಷ ಹೆಡ್‌ಮಾಸ್ಟರರ ಕೋಣೆಯಿಂದ ಕರೆ ಬಂದಾಗಲೆಲ್ಲ ಎದೆ ಡವಗುಟ್ಟುತ್ತಿತ್ತು. ಮಕ್ಕಳಿಗೆ ಸತ್ಯದ ಪಾಠ ಮಾಡುವ ದಿನ ಅವರ ಕಣ್ಣು ನೋಡಲು ಆಗುತ್ತಿರಲಿಲ್ಲ. ಕೊನೆಗೆ ಒಂದು ರಮಝಾನಿನಲ್ಲಿ ಹೋಗಿ ಹೇಳಿಬಿಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಹೇಳಿದ್ದರೂ ಕೆಲಸ ಕೊಡುತ್ತಿದ್ದೆ ಮೌಲವಿಗಳೇ" ಎಂದರು. ನಮಗೆ ಬೇಕಾಗಿಯೇ ಇರದ ಒಂದು ಸುಳ್ಳಿಗೆ ಎರಡು ವರ್ಷದ ನೆಮ್ಮದಿಯನ್ನು ಕೊಟ್ಟಿದ್ದೆವು. ಇದನ್ನು ಆ ಹುಡುಗನಿಗೂ ಹೇಳಿದೆವು. ಇಂದು ನಿಮ್ಮೆದುರು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದ್ದೇವೆ.

ಹಾಗಾದರೆ ತಂದೆಯ ಪ್ರಶ್ನೆ? ಅವನದ್ದಲ್ಲದ ತಪ್ಪಿಗೆ ಏನು ದಾರಿ? ದಾರಿ ಇದೆ. ಪ್ರವಾದಿ(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ತಗುಲಿತು. ಮಳೆಗೆ ನೆನೆದದ್ದು ಎಂದ ವ್ಯಾಪಾರಿ. ಹಾಗಿದ್ದರೆ ಜನ ನೋಡುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಪ್ರವಾದಿ(ಸ) ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂಬ ಎಚ್ಚರಿಕೆ ಬಂದದ್ದು ಅದೇ ಸಂದರ್ಭದಲ್ಲಿ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ನೆನೆದ ಧಾನ್ಯವನ್ನು ಮಾರಬಾರದು ಎಂದೂ ಹೇಳಲಿಲ್ಲ. ಮುಚ್ಚಿಟ್ಟದ್ದು ತಪ್ಪಾಯಿತು.

ಆ ಅರ್ಜಿಯಲ್ಲೂ ನೆನೆದದ್ದನ್ನು ಮೇಲಿಡಲು ಒಂದು ಜಾಗ ಇದೆ. ಅಂಕಗಳ ಬಗ್ಗೆ ಏನಾದರೂ ತಿಳಿಸಬೇಕಿದ್ದರೆ ಬರೆಯಲು ಹೆಚ್ಚುವರಿ ವಿವರಣೆಯ ಸ್ಥಳ ಕೊಟ್ಟಿದ್ದಾರೆ. ನಾವು ಹುಡುಗನಿಗೆ ಹೇಳಿದೆವು: "51 ಎಂದೇ ಬರೆ ಮಗನೇ. ಕೆಳಗೆ ಆ ವರ್ಷ ಏನಾಯಿತು ಎಂದು ನಾಲ್ಕು ಸಾಲು ಬರೆ. ಉಪ್ಪುಖಾರ ಹಚ್ಚಬೇಡ. ತಂದೆಗೆ ಆಪರೇಷನ್ ಆಯಿತು, ನಾನು ಆಸ್ಪತ್ರೆಯಲ್ಲಿದ್ದೆ, ಅಷ್ಟು ಸಾಕು. ನಿನ್ನ ಅಂಕ ಕಡಿಮೆಯಾದದ್ದು ತಂದೆಯ ಖಿದ್ಮತ್ತಿನಿಂದ. ಅದನ್ನು ಮುಚ್ಚಿಡುವುದು ಯಾಕೆ?" ಆ ಮಾತಿಗೆ ತಂದೆಯ ಕಣ್ಣು ತುಂಬಿತು.

ಇಂಥ ಅರ್ಜಿ ಹಾಕುವ ಮಕ್ಕಳು, ಹಾಕಿಸುವ ಪೋಷಕರು ಕೆಲವು ವಿಷಯಗಳನ್ನು ಗಮನದಲ್ಲಿಡಬೇಕು.

ನೆನಪಿನಿಂದ ಅಂಕ ತುಂಬಿಸಬೇಡಿ. ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ವಿಷಯ ನೋಡಿ ಬರೆಯಿರಿ. ಒಬ್ಬರು ಓದಿ ಹೇಳಲಿ, ಒಬ್ಬರು ಟೈಪ್ ಮಾಡಲಿ.

ನಮ್ಮ ಶೇಕಡಾ ಅಂಕಗಳನ್ನು ಅಮೆರಿಕದ ಎ, ಬಿ, ಸಿ ಗ್ರೇಡುಗಳಿಗೆ ನೀವೇ ಬದಲಾಯಿಸಬೇಡಿ. ಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಬರೆಯಬೇಕೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹೇಳುತ್ತದೆ. ಲೆಕ್ಕ ಹಾಕುವುದು ಅವರ ಕೆಲಸ.

ಫೇಲಾದದ್ದು, ಪುನಃ ಬರೆದು ಪಾಸಾದದ್ದು ಇದ್ದರೆ ಅದನ್ನೂ ಬಿಡದೆ ಬರೆಯಬೇಕು. ಬಿಟ್ಟುಬಿಡುವುದೂ ಒಂದು ಬಗೆಯ ಸುಳ್ಳೇ. ಮಾತಿನ ಸುಳ್ಳು ಇರುವಂತೆ ಮೌನದ ಸುಳ್ಳೂ ಇದೆ.

ಕಳಿಸಿದ ಮೇಲೆ ತಪ್ಪು ಕಂಡುಬಂದರೆ ಗಾಬರಿಯಾಗಬೇಡಿ, ಮುಚ್ಚಿಡಲೂ ಬೇಡಿ. ಕೈತಪ್ಪು ಪಾಪವಲ್ಲ. ತಿಳಿದ ಮೇಲೂ ಸುಮ್ಮನಿದ್ದರೆ ಅದು ಸುಳ್ಳಾಗುತ್ತದೆ. ಪ್ರವೇಶ ವಿಭಾಗಕ್ಕೆ ಕೂಡಲೇ ಬರೆದು ತಿಳಿಸಿ. 12ನೇ ತರಗತಿಯಲ್ಲಿ ಅಂಕ ಕುಸಿದರೂ ಹಾಗೆಯೇ ತಿಳಿಸಿ.

ಪಾಸ್‌ವರ್ಡನ್ನು ಏಜೆಂಟನ ಕೈಗೆ ಕೊಟ್ಟು ನಿಶ್ಚಿಂತರಾಗಬೇಡಿ. ಅವನು ಬರೆದದ್ದಕ್ಕೂ ದೃಢೀಕರಣ ನಿಮ್ಮ ಮಗನ ಹೆಸರಿನಲ್ಲೇ ಇರುತ್ತದೆ. ನಮಗೆ ಗೊತ್ತಿರಲಿಲ್ಲ ಎಂಬುದು ಅಲ್ಲಿಯೂ ನಡೆಯುವುದಿಲ್ಲ, ಅಲ್ಲಾಹನ ಬಳಿಯೂ ಸುಲಭವಾಗಿ ನಡೆಯುವುದಿಲ್ಲ.

ಇನ್ನು ತಂದೆತಾಯಿಗಳಿಗೆ ಒಂದು ಮಾತು. ಮಕ್ಕಳು ಅರ್ಜಿಯ ಎದುರು ಕೂತ ದಿನ ಇದ್ದಕ್ಕಿದ್ದಂತೆ ಸುಳ್ಳು ಕಲಿಯುವುದಿಲ್ಲ. ಪ್ರೋಗ್ರೆಸ್ ಕಾರ್ಡು ತಂದ ದಿನ ನಮ್ಮ ಮುಖ ಹೇಗಿತ್ತು ಎಂಬುದನ್ನು ನೋಡಿ ಅವರು ಕಲಿಯುತ್ತಾರೆ. 51 ತಂದ ಮಗನೊಂದಿಗೆ ಎರಡು ದಿನ ಮಾತು ಬಿಟ್ಟರೆ, ನೆಂಟರೆದುರು "ನಮ್ಮವನಿಗೆ ಎಂಬತ್ತರ ಹತ್ತಿರ" ಎಂದು ಮಗನ ಎದುರೇ ಹೇಳಿದರೆ, ಐದನ್ನು ಎಂಟು ಮಾಡಲು ಅವನಿಗೆ ಕಲಿಸಿದ್ದು ಏಜೆಂಟ್ ಅಲ್ಲ, ನಾವು. ಸತ್ಯ ಹೇಳಿದ ಮಗುವಿಗೆ ಮನೆಯಲ್ಲಿ ಜಾಗ ಇರಬೇಕು. ಅಂಕ ಎಷ್ಟೇ ಇರಲಿ, ನೀನು ನನ್ನ ಮಗ, ನೀನು ನನ್ನ ಮಗಳು ಎಂದು ಅವರಿಗೆ ಗೊತ್ತಿರಬೇಕು.

ಕೊನೆಯದಾಗಿ, ಸ್ವತಃ ವರದಿ ಒಪ್ಪಿಸುವ ಒಂದು ದಿನ ನಮ್ಮೆಲ್ಲರಿಗೂ ಇದೆ. ಅಲ್‌ಇಸ್ರಾ ಅಧ್ಯಾಯದಲ್ಲಿ ಅಲ್ಲಾಹನು ಅದರ ಚಿತ್ರ ಕೊಟ್ಟಿದ್ದಾನೆ. ಅಂದು ಪ್ರತಿಯೊಬ್ಬನ ಕರ್ಮಗ್ರಂಥವನ್ನು ತೆರೆದು ಅವನ ಮುಂದಿಡಲಾಗುವುದು, ಅದನ್ನು ಅವನಿಂದಲೇ ಓದಿಸಲಾಗುವುದು, ಅವನ ಲೆಕ್ಕಕ್ಕೆ ಅವನೇ ಸಾಕು ಎನ್ನಲಾಗುವುದು. ಅಲ್ಲಿ ಬರೆದದ್ದನ್ನು ತಿದ್ದಲು ಯಾವ ಏಜೆಂಟನೂ ಇಲ್ಲ. ಆ ದಿನ ಓದುವಾಗ ನಾಲಿಗೆ ತಡವರಿಸದಿರಬೇಕಾದರೆ, ಈ ಲೋಕದ ಸಣ್ಣ ಫಾರ್ಮುಗಳಲ್ಲಿ ಕೈ ನಡುಗದೆ ಸತ್ಯ ಬರೆದು ಅಭ್ಯಾಸವಾಗಿರಬೇಕು.

ಆ ಹುಡುಗ ನವೆಂಬರ್ ಕೊನೆಗೆ ಮೊದಲೇ ಅರ್ಜಿ ಕಳಿಸಿದ್ದಾನೆ. ಗಣಿತ 51, ರಸಾಯನಶಾಸ್ತ್ರ 57. ಉತ್ತರ ಬರುವುದು ಮಾರ್ಚ್‌ನಲ್ಲಿ. ಏನು ಬರುತ್ತದೆಂದು ಅಲ್ಲಾಹನೇ ಬಲ್ಲ. ಕಳಿಸಿದ ರಾತ್ರಿ ಅವನು ನಮಗೆ ಫೋನ್ ಮಾಡಿ, "ಉಸ್ತಾದ್, ಇವತ್ತು ನಿದ್ದೆ ಬರ್ತದೆ" ಎಂದ. ಸೀಟಿನ ವಿಷಯ ಹಾಗಿರಲಿ, ಆ ನಿದ್ದೆ ಅವನಿಗೆ ಆಗಲೇ ಸಿಕ್ಕಿತು, ಅಲ್‌ಹಮ್ದುಲಿಲ್ಲಾಹ್.

ಅಲ್ಲಾಹನೇ, ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ವಿದ್ಯೆಯನ್ನು ಕೊಡು. ಅವರ ನಾಲಿಗೆಯನ್ನೂ ಲೇಖನಿಯನ್ನೂ ಸುಳ್ಳಿನಿಂದ ಕಾಪಾಡು. ಸತ್ಯದ ಕಾರಣಕ್ಕೆ ಅವರ ಎದುರು ಒಂದು ಬಾಗಿಲು ಮುಚ್ಚಿದರೆ, ಅದಕ್ಕಿಂತ ಉತ್ತಮವಾದುದನ್ನು ತೆರೆದುಕೊಡು. ತಂದೆತಾಯಿಗಳಾದ ನಮಗೆ ಮಕ್ಕಳ ಸತ್ಯವನ್ನು ಕೇಳಿಸಿಕೊಳ್ಳುವ ಎದೆಯನ್ನು ಕೊಡು. ಹಿಸಾಬಿನ ದಿನ ನಮ್ಮ ಗ್ರಂಥವನ್ನು ಬಲಗೈಯಲ್ಲಿ ಪಡೆಯುವವರ ಸಾಲಿಗೆ ನಮ್ಮನ್ನು ಸೇರಿಸು. ಆಮೀನ್.